ಬೇಲಿಯ ಹೊರಗೆ ಮಲಗಿದ ಸೂಲಗಿತ್ತಿ

ಯುಸ್ತೀನಾ ಅತ್ತೆ ತೀರಿಕೊಂಡಾಗ ನಮ್ಮ ಸಭೆ ಅವಳ ಬಗ್ಗೆ ಒಂದು ಸಾಲನ್ನೂ ಓದಲಿಲ್ಲ. ನಮ್ಮ ಮೆನೊನೈಟ್ ಕ್ರೈಸ್ತರ ಊರುಗಳಲ್ಲಿ ಯಾರೇ ಸತ್ತರೂ, ಜೀವಮಾನವಿಡೀ ಪಕ್ಕದವನ ಹೊಲದ ಗಡಿ ಒತ್ತುತ್ತಾ ಬಂದವನಾದರೂ ಸರಿ, ಶವಪೆಟ್ಟಿಗೆಯ ಮುಂದೆ ನಿಂತು ಬೋಧಕರು ಅವನ ಬದುಕಿನ ವಿವರ ಓದುತ್ತಾರೆ. ಎಲ್ಲಿ ಹುಟ್ಟಿದ, ಯಾವಾಗ ದೀಕ್ಷಾಸ್ನಾನವಾಯಿತು, ಯಾರನ್ನು ಮದುವೆಯಾದ, ಎಷ್ಟು ವರ್ಷ ಎಷ್ಟು ತಿಂಗಳು ಎಷ್ಟು ದಿನ ಬಾಳಿದ ಎಂದು. ದಿನವನ್ನೂ ಬಿಡುವುದಿಲ್ಲ. ಸಿಲ್ಬರ್‌ವೀಸ ಊರಿನ ಅರ್ಧಕ್ಕರ್ಧ ಜನ ಭೂಮಿಗೆ ಬಂದಾಗ ಮೊದಲು ಮುಟ್ಟಿದ ಕೈ ಅವಳದು. ಊರಿಗೆಲ್ಲ ಅತ್ತೆಯಾದ ಅವಳಿಗೆ ಆ ನಾಲ್ಕು ಸಾಲು ದಕ್ಕಲಿಲ್ಲ. ಸ್ಮಶಾನದ ತಂತಿಬೇಲಿಯೊಳಗೆ ಆರಡಿ ಜಾಗವೂ ದಕ್ಕಲಿಲ್ಲ.

ಅದಕ್ಕೇ ನಾನು ಬರೆಯುತ್ತಿದ್ದೇನೆ. ನಾನು ಆಗಾಥಾ ಬೂಕೆರ್ಟ್. ಎಲ್ಲ ಹುಡುಗಿಯರ ಹಾಗೆ ಹನ್ನೆರಡನೇ ವಯಸ್ಸಿಗೆ ಶಾಲೆ ಬಿಟ್ಟವಳು. ನನ್ನ ಬರವಣಿಗೆ ನೆಟ್ಟಗಿಲ್ಲದಿದ್ದರೆ ಅದಕ್ಕೆ ಕಾರಣ ನಾನಲ್ಲ. ಯುಸ್ತೀನಾ ಅತ್ತೆಯನ್ನು ಯಾವ ತಪ್ಪಿಗೆ ಹೊರಹಾಕಿದರೋ ಆ ತಪ್ಪು ನಡೆದದ್ದು ನನಗಾಗಿ.

ಅವಳು ಹುಟ್ಟಿದ್ದು ಕೆನಡಾದಲ್ಲಿ, ಮ್ಯಾನಿಟೋಬಾದ ಬಯಲಲ್ಲಿ. ಹತ್ತು ವರ್ಷದವಳಿದ್ದಾಗ ನಮ್ಮವರು ಬಾಗಿಲು, ಕಿಟಕಿ, ಕೋಳಿ, ಹಂದಿ ಎಲ್ಲವನ್ನೂ ರೈಲಿಗೆ ತುಂಬಿಕೊಂಡು ಮೆಕ್ಸಿಕೋದ ಈ ಚಿವಾವಾ ಸೀಮೆಗೆ ಬಂದರು. ಅವಳ ತಾಯಿ ಸೂಲಗಿತ್ತಿ, ಮುರಿದ ಎಲುಬು ಕಟ್ಟುವವಳು ಕೂಡ. ಮಗಳಿಗೆ ವಿದ್ಯೆ ಕಲಿಸಿದ ರೀತಿ ಹೀಗೆ: ಒಂದು ಮಣ್ಣಿನ ಗಡಿಗೆ ಒಡೆದು ಚೂರುಗಳನ್ನು ಗೋಣಿಚೀಲಕ್ಕೆ ಹಾಕಿ, "ಒಳಗೆ ಕೈ ಹಾಕು, ನೋಡದೆ ಜೋಡಿಸು" ಎನ್ನುತ್ತಿದ್ದಳಂತೆ. ಹುಡುಗಿ ಒಂದು ಚಳಿಗಾಲವಿಡೀ ಚೀಲದೊಳಗೆ ಗಡಿಗೆ ಕೂಡಿಸಿ, ಬೆರಳೆಲ್ಲ ಗಾಯ ಮಾಡಿಕೊಂಡು, ಕೊನೆಗೆ ಚರ್ಮದ ಕೆಳಗಿನ ಎಲುಬನ್ನು ಕಣ್ಣುಮುಚ್ಚಿ ಓದುವಷ್ಟು ಕಲಿತಳು.

ಇಪ್ಪತ್ತಕ್ಕೆ ಅಬ್ರಾಮ್ ನಾಯ್‌ಡೋರ್ಫನನ್ನು ಮದುವೆಯಾದಳು. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಒಬ್ಬಳೇ ಮಗಳು, ಹೆಲೆನಾ. ನಮ್ಮ ಮನೆಗಳಿಗೆ ಮಾತ್ರವಲ್ಲ, ಬೆಟ್ಟದ ಬುಡದ ಮೆಕ್ಸಿಕನ್ ಹೆಂಗಸರ ಹೆರಿಗೆಗೂ ಅವಳು ಹೋಗುತ್ತಿದ್ದಳು. ನಮ್ಮ ಹೆಂಗಸರಲ್ಲಿ ಸ್ಪ್ಯಾನಿಷ್ ಮಾತಾಡಲು ಬರುತ್ತಿದ್ದದ್ದು ಅವಳೊಬ್ಬಳಿಗೇ. ಅದೂ ಹೆರಿಗೆಮನೆಯ ಸ್ಪ್ಯಾನಿಷ್. "ನಂಗೆ ಆ ಭಾಷೆಯಲ್ಲಿ ‘ಉಸಿರು ಬಿಡು’, ‘ಮುಕ್ಕು’, ‘ಸಾರು ತಗೊಂಡು ಬಾ’ ಇಷ್ಟೇ ಗೊತ್ತಿರೋದು. ಗಂಡಸರ ಜೊತೆ ಮಾತಾಡೋಕೂ ಅಷ್ಟೇ ಸಾಕಾಗುತ್ತೆ," ಎಂದು ನಗುತ್ತಿದ್ದಳು.

ಸಾವಿರದ ಒಂಬೈನೂರ ಅರವತ್ತನಾಲ್ಕರ ಜೂನ್. ನನಗೆ ಇಪ್ಪತ್ತಮೂರು, ಚೊಚ್ಚಲ ಹೆರಿಗೆ. ಎರಡನೇ ದಿನದ ಬೇನೆ. ಬೆಳಿಗ್ಗೆ ಅತ್ತೆ ನನ್ನನ್ನು ನೋಡಿ, "ಇನ್ನೂ ಹೊತ್ತಿದೆ," ಎಂದು ಮನೆಗೆ ಹೋಗಿದ್ದಳು. ಅಲ್ಲಿ ಎಲೀಹಿಯೋ ಕಾಯುತ್ತಿದ್ದ. ಊರಿಂದ ಚೀಸ್ ಕೊಂಡು ಪಟ್ಟಣಕ್ಕೆ ಒಯ್ಯುತ್ತಿದ್ದ ಮೆಕ್ಸಿಕನ್ ವ್ಯಾಪಾರಿ. ಅವಳ ಅಂಗಳದಲ್ಲಿ ಪಿಕಪ್ ನಿಲ್ಲಿಸಿ ಇಳಿದವನಿಗೆ ಯಾರದೋ ಕುದುರೆ ಒದ್ದು ಬಲಗೈ ಮುರಿದಿತ್ತು. ಅವಳು ದಬ್ಬೆ ಇಟ್ಟು ಅವನ ಕೈ ಕಟ್ಟಿ ಮುಗಿಸುವ ಹೊತ್ತಿಗೆ ನನ್ನ ಗಂಡ ಇಸ್‌ಬ್ರಾಂಡ್ ಓಡಿಹೋಗಿ ಕರೆದ. ನೀರು ಒಡೆದು, ಕೂಸಿನ ಕೈ ಮೊದಲು ಹೊರಗೆ ಬಂದಿತ್ತು.

ಅವಳು ಬಂದು ಹೊಟ್ಟೆಯ ಮೇಲೆ ಕೈಯಾಡಿಸಿದಳು. ನನ್ನನ್ನು ನೋಡಿ ಮುಗುಳ್ನಕ್ಕಳು. ಆಮೇಲೆ ಬಾಗಿಲ ಹತ್ತಿರ ಹೋಗಿ ಇಸ್‌ಬ್ರಾಂಡನಿಗೆ ಹೇಳಿದ್ದೆಲ್ಲ ನನಗೆ ಕೇಳಿಸಿತು.

"ಕೂಸು ಅಡ್ಡ ಬಿದ್ದಿದೆ. ಇದು ನನ್ನ ಕೈ ಮೀರಿದ್ದು. ಪಟ್ಟಣದ ಆಸ್ಪತ್ರೆಗೆ ಒಯ್ಯಬೇಕು, ಈಗಿಂದೀಗ್ಲೇ."

"ಗಾಡಿ ಕಟ್ತೀನಿ ಅತ್ತೆ."

"ನಿನ್ನ ಕುದುರೆ ಪಟ್ಟಣ ಮುಟ್ಟೋಷ್ಟರಲ್ಲಿ ಎರಡು ಪೆಟ್ಟಿಗೆ ಮಾಡಿಸ್ಬೇಕಾಗುತ್ತೆ. ಎಲೀಹಿಯೋನ ಪಿಕಪ್ ನಮ್ಮ ಅಂಗಳದಲ್ಲೇ ನಿಂತಿದೆ. ಅವನ ಕೈಲಿ ಓಡಿಸೋಕಾಗಲ್ಲ. ನೀನು ಓಡಿಸು. ನಿಮ್ಮಪ್ಪನ ಟ್ರಾಕ್ಟರ್ ಓಡಿಸ್ತೀಯಲ್ಲ?"

"ಅದು ಕಬ್ಬಿಣದ ಚಕ್ರ ಅತ್ತೆ. ಇದು ಟೈರು. ನನ್ನನ್ನ ಸಭೆಯಿಂದ ಹೊರಗೆ ಹಾಕ್ತಾರೆ."

ಟೈರು ಬಂದರೆ ಹುಡುಗರು ಪಟ್ಟಣದ ದಾರಿ ಹಿಡಿಯುತ್ತಾರೆಂದು ನಮ್ಮಲ್ಲಿ ಆಗ ರಬ್ಬರ್ ಟೈರಿನ ಗಾಡಿಗೆ ಕೈ ಹಚ್ಚಿದವನಿಗೆ ಬಹಿಷ್ಕಾರ. ಕೂಲಿ ಕೊಟ್ಟು ಮೆಕ್ಸಿಕನ್ನರ ಲಾರಿಯಲ್ಲಿ ಕೂತರೆ ಪಾಪವಿಲ್ಲ. ಸ್ಟಿಯರಿಂಗ್ ಹಿಡಿದರೆ ಪಾಪ. ಈ ಸೂಕ್ಷ್ಮ ವ್ಯತ್ಯಾಸ ದೇವರಿಗೆ ಹೇಗೆ ಅರ್ಥವಾಗುತ್ತದೋ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಅತ್ತೆ ಅವನನ್ನು ಬೈಯಲಿಲ್ಲ. "ಸರಿ, ಹಾಗಾದ್ರೆ ಹಿಂದೆ ಹುಲ್ಲಾದ್ರೂ ಹಾಸು. ಹುಲ್ಲಿಗೆ ಟೈರಿಲ್ಲ," ಎಂದಳು.

ಐವತ್ತೆರಡು ವರ್ಷದ ಆ ಹೆಂಗಸು, ಅದುವರೆಗೆ ಕುದುರೆ ಲಗಾಮು ಬಿಟ್ಟು ಬೇರೇನೂ ಹಿಡಿಯದವಳು, ಕರಿ ಲಂಗ ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು ಪಿಕಪ್ಪಿನಲ್ಲಿ ಕೂತಳು. ಪಕ್ಕದಲ್ಲಿ ಎಲೀಹಿಯೋ, ಕಟ್ಟಿದ ಕೈ ಎದೆಗೆ ಒತ್ತಿಕೊಂಡು. ಹಿಂದೆ ಹುಲ್ಲಿನ ಮೇಲೆ ನಾನು. ನನ್ನ ತಲೆ ಹಿಡಿದು ಇಸ್‌ಬ್ರಾಂಡ್, ಯಾರೂ ಗುರುತಿಸದಿರಲೆಂದು ಟೋಪಿ ಮೂಗಿನವರೆಗೆ ಎಳೆದುಕೊಂಡು. ಮುಂದಿನಿಂದ ಎಲೀಹಿಯೋ ಕಿರುಚುವುದು ಕೇಳುತ್ತಿತ್ತು. "ಎಡಗಾಲು, ಅಮ್ಮಾ, ಎಡಗಾಲು! ಅಯ್ಯೋ ಅದು ಬ್ರೇಕು!"

"ಎಷ್ಟು ಕಾಲು ಇಟ್ಟಿದೀರಪ್ಪ ಇದಕ್ಕೆ! ನನ್ನ ಕುದುರೆಗೂ ಇಷ್ಟೊಂದಿಲ್ಲ!"

ಮೂವತ್ತು ಕಿಲೋಮೀಟರ್. ಅವಳಿಗೆ ಒಲಿದದ್ದು ಎರಡೇ ಗೇರು. ಊರ ಬೀದಿಯುದ್ದಕ್ಕೂ ಜನ ಕೆಲಸ ಬಿಟ್ಟು ಬೇಲಿಗೆ ಬಂದು ನಿಂತರು. ಸಭೆಯ ಹಿರಿಯ ಬೆರ್ನ್‌ಹಾರ್ಡ್ ಗೀಸ್‌ಬ್ರೆಖ್ಟರ ಮನೆಯ ಮುಂದೆ ತಿರುವಿನಲ್ಲಿ ಅವರ ಒಂದು ಕೋಳಿ ಚಕ್ರಕ್ಕೆ ಸಿಕ್ಕಿತು. ಅವಳು ನಿಲ್ಲಿಸಲಿಲ್ಲ. ನಿಲ್ಲಿಸುವುದು ಹೇಗೆಂದು ಆಗಿನ್ನೂ ಸರಿಯಾಗಿ ಕಲಿತಿರಲಿಲ್ಲ.

ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು. ಬಲಗೈ ನೀಲಿಗಟ್ಟಿತ್ತು. ಅತ್ತೆ ದಾದಿಯರ ಕೈಯಿಂದ ಇಸಿದುಕೊಂಡು ಆ ಕೈಯನ್ನು ಗಂಟೆಗಟ್ಟಲೆ ತಿಕ್ಕುತ್ತಾ ಕೂತಿದ್ದಳಂತೆ. ನನ್ನ ಸೂಸಾನ್ನಾ ಇವತ್ತು ಐದು ಮಕ್ಕಳ ತಾಯಿ. ಆ ಕೈಯಲ್ಲೇ ವಾರಕ್ಕೆರಡು ಸಲ ಇಪ್ಪತ್ತು ಬ್ರೆಡ್ಡಿನ ಹಿಟ್ಟು ನಾದುತ್ತಾಳೆ.

ನಾನು ಮನೆಗೆ ಬಂದ ಮೂರನೇ ದಿನ ಅತ್ತೆ ನನ್ನ ಗಾಯ ನೋಡಲು ಬಂದಿದ್ದಳು. ಅವಳನ್ನು ಹುಡುಕಿಕೊಂಡು ಗೀಸ್‌ಬ್ರೆಖ್ಟರು ಇಬ್ಬರು ಬೋಧಕರ ಜೊತೆ ನಮ್ಮ ಮನೆಗೇ ಬಂದರು. ಮೂವರೂ ಕರಿ ಕೋಟು ತೆಗೆಯದೆ ಬೆಂಚಿನ ಮೇಲೆ ಕೂತರು.

"ಯುಸ್ತೀನಾ, ನೀನು ಟೈರಿನ ಗಾಡಿ ಓಡಿಸಿದ್ದು ನಿಜವೋ?"

"ನಿಜ. ಊರೆಲ್ಲ ನೋಡಿದೆ. ನಿಮ್ಮ ಕೋಳಿಯೂ ನೋಡಿತು, ಪಾಪ."

"ನಗೋ ಮಾತಲ್ಲ ಇದು. ಸಭೆ ಮುಂದೆ ನಿಂತು ತಪ್ಪಾಯ್ತು ಅನ್ನು. ಅಷ್ಟೇ. ಮುಗೀತು."

"ಯಾವುದು ತಪ್ಪಾಯ್ತು ಅನ್ಲಿ?"

"ಲೋಕದವರ ದಾರಿ ಹಿಡಿದದ್ದು."

"ಆ ತೊಟ್ಟಿಲ ಕಡೆ ನೋಡಿ ಹೇಳಿ. ಅದು ಬದುಕಿದ್ದು ತಪ್ಪಾಯ್ತು ಅನ್ಲಾ?"

"ಜೀವ ಕೊಡೋನು ತಗೊಳ್ಳೋನು ದೇವರು. ನಿಯಮ ಕಾಯೋದು ನಮ್ಮ ಕೆಲಸ."

"ದೇವರು ಮೂವತ್ತು ವರ್ಷದಿಂದ ನನ್ನ ಕೈಯಲ್ಲಿ ಕೆಲಸ ಮಾಡಿಸ್ಕೊಂಡಿದಾನೆ. ಆವತ್ತೊಂದಿನ ಕಾಲಲ್ಲೂ ಮಾಡಿಸ್ಕೊಂಡ. ನಿಮಗೇನು ಕಷ್ಟ?"

ಗೀಸ್‌ಬ್ರೆಖ್ಟರು ಇಸ್‌ಬ್ರಾಂಡನ ಕಡೆ ತಿರುಗಿ, "ನೀನು ಮುಟ್ಟಿದೆಯೇನಯ್ಯಾ ಆ ಗಾಡೀನ?" ಎಂದರು. ಅವನು ನೆಲ ನೋಡುತ್ತಾ, "ಇಲ್ಲ, ನಾನು ಹುಲ್ಲಿನ ಮೇಲಿದ್ದೆ," ಎಂದ. ಅವರು ಒಪ್ಪಿ ತಲೆದೂಗಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳದಿದ್ದರೇನು? ನನಗೆ ಬಾಯಿರಲಿಲ್ಲವೇ? ಅವಳಿಲ್ಲದಿದ್ದರೆ ಇವತ್ತು ನೀವು ನನ್ನನ್ನೂ ನನ್ನ ಮಗಳನ್ನೂ ಹೂಳಲು ಬರುತ್ತಿದ್ದಿರಿ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ನಾನು ತೊಟ್ಟಿಲು ತೂಗುತ್ತಾ ಕೂತಿದ್ದೆ.

ಗುರುವಾರ ಗಂಡಸರ ಸಭೆ ಸೇರಿ ಅವಳನ್ನು ಹೊರಹಾಕಿತು. ತಪ್ಪುಗಳ ಪಟ್ಟಿಯಲ್ಲಿ ಕೋಳಿಯನ್ನೂ ಸೇರಿಸಿದ್ದರು.

ಬಹಿಷ್ಕಾರ ಎಂದರೆ ಏನೆಂದು ನಮ್ಮಲ್ಲಿ ಹುಟ್ಟಿದವರಿಗೇ ಗೊತ್ತು. ಅವಳ ಕೈಯಿಂದ ಯಾರೂ ಏನೂ ತೆಗೆದುಕೊಳ್ಳಬಾರದು. ಅವಳ ಜೊತೆ ಒಂದು ಮೇಜಿಗೆ ಕೂರಬಾರದು, ಕಟ್ಟಿಕೊಂಡ ಗಂಡ ಕೂಡ. ಅಬ್ರಾಮ್ ಒಂದು ಸಣ್ಣ ಮೇಜು ಮಾಡಿಸಿಕೊಂಡ. ದಿನಾ ಅದನ್ನು ಅವಳ ಮೇಜಿನ ಹತ್ತಿರಕ್ಕೆ ಎಳೆದು, ನಡುವೆ ಒಂದು ಬೆರಳು ಜಾಗ ಬಿಟ್ಟು ಉಣ್ಣುತ್ತಿದ್ದ. ಹನ್ನೊಂದು ವರ್ಷ ಹಾಗೇ ಉಂಡು ಸತ್ತ. ಮಗಳು ಹೆಲೆನಾ ಗಂಡನ ಜೊತೆ ಬೊಲಿವಿಯಾಕ್ಕೆ ಹೊರಟಾಗ ತಾಯಿಯ ಕೈ ಕುಲುಕಲಿಲ್ಲ. ಅಲ್ಲಿಂದ ಒಂದು ಕಾಗದವನ್ನೂ ಬರೆಯಲಿಲ್ಲ.

ಆದರೆ ಬೇನೆ ಬಂದರೆ? ಕೈ ಮುರಿದರೆ? ಆಗ ಎಲ್ಲರಿಗೂ ಅವಳು ಬೇಕಿತ್ತು. ಮುಂಬಾಗಿಲಿಂದ ಬರುತ್ತಿರಲಿಲ್ಲ, ಹಿಂದಿನ ದನದ ಕೊಟ್ಟಿಗೆ ಹಾದು ಬರುತ್ತಿದ್ದರು. ಅವಳ ಕೈ ಕೊಟ್ಟ ಕಾಫಿ ನಮಗೆ ಮೈಲಿಗೆ. ಅದೇ ಕೈ ನಮ್ಮ ಬಸಿರೊಳಗೆ ಹೋಗಬಹುದಿತ್ತು! ಹೆರಿಗೆಯಾದ ಮೇಲೆ ಕೊಡುವುದನ್ನು ಕೈಗೆ ಕೊಡದೆ, ಕೋಳಿಯನ್ನೋ ಹಂದಿಮಾಂಸವನ್ನೋ ಮೆಟ್ಟಿಲ ಮೇಲೆ ಇಟ್ಟು ಓಡುತ್ತಿದ್ದರು. ನನ್ನ ಮುಂದಿನ ನಾಲ್ಕು ಹೆರಿಗೆಯನ್ನೂ ಅವಳೇ ಮಾಡಿಸಿದ್ದು. ನಾಲ್ಕು ಸಲವೂ ನಾನು ಅವಳು ಚಾಚಿದ ಲೋಟ ಮುಟ್ಟದೆ, "ಅಲ್ಲಿಡು ಅತ್ತೆ," ಎಂದೆ. ಅವಳು ಇಟ್ಟಳು. ಒಂದು ಸಲವೂ ಮುಖ ಗಂಟು ಹಾಕಲಿಲ್ಲ. ಹಾಕಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಈಗ ಕೇಳಿ. ಕಬ್ಬಿಣದ ಚಕ್ರವೇ ಬೇಕೆಂದವರು ಒಬ್ಬೊಬ್ಬರಾಗಿ ಬೊಲಿವಿಯಾಕ್ಕೆ ಹೋದರು. ಉಳಿದವರು ಮೊದಲು ಟ್ರಾಕ್ಟರಿಗೆ ಟೈರು ಹಾಕಿದರು, ಆಮೇಲೆ ಪಿಕಪ್ ಕೊಂಡರು. ಗೀಸ್‌ಬ್ರೆಖ್ಟರು ತೀರಿಹೋಗಿ, ಅವತ್ತು ಅವರ ಜೊತೆ ನಮ್ಮ ಬೆಂಚಿನ ಮೇಲೆ ಕೂತಿದ್ದ ಬೋಧಕ ಡೀಡ್ರಿಖ್ ಲೋವೆನ್ ಹಿರಿಯರಾದರು. ಅವರ ಮಕ್ಕಳ ಹತ್ತಿರ ಎರಡು ಪಿಕಪ್. ಎಂಬತ್ತೆರಡರಲ್ಲಿ ನನ್ನ ಗಂಡನೂ ಒಂದು ನೀಲಿ ಪಿಕಪ್ ತಂದ. ಯಾರೂ ಯಾರನ್ನೂ ಹೊರಹಾಕಲಿಲ್ಲ. ಅದು ಯಾವ ಗುರುವಾರ ಪಾಪವಲ್ಲದ್ದಾಯಿತು ಎಂದು ಕೇಳಿದರೆ ಒಬ್ಬರೂ ಹೇಳಲಾರರು.

ಆ ವರ್ಷದ ಆಗಸ್ಟಿನಲ್ಲಿ ಒಂದು ದಿನ ನಾವು ಪಟ್ಟಣದಿಂದ ಬರುತ್ತಿದ್ದೆವು. ದಾರಿಯ ಬದಿಯಲ್ಲಿ ಅತ್ತೆ ಚೀಲ ಹಿಡಿದು ನಡೆದು ಹೋಗುತ್ತಿದ್ದಳು. ಎಪ್ಪತ್ತು ವರ್ಷ. ಬೆಟ್ಟದ ಬುಡದ ಯಾವುದೋ ಹೆರಿಗೆಯಿಂದ ವಾಪಸಾಗುತ್ತಿದ್ದಳು.

"ನಿಲ್ಲಿಸ್ರೀ," ಎಂದೆ.

"ಅವಳು ಸಭೆಯ ಹೊರಗಿನವಳು ಕಣೇ."

"ಯಾಕೆ ಹೊರಗಾದಳು ಅಂತ ನೆನಪಿದೆಯಾ? ನೀವು ಹಿಡಿದಿದೀರಲ್ಲ, ಅದನ್ನೇ ಹಿಡಿದದ್ದಕ್ಕೆ!"

ಇಸ್‌ಬ್ರಾಂಡ್ ನಿಲ್ಲಿಸಲಿಲ್ಲ. ನಮ್ಮ ಧೂಳು ಅವಳ ಮೇಲೆ ಬಿದ್ದಿತು. ತಿರುಗಿ ನೋಡಿದೆ. ಅವಳು ಕಣ್ಣಿಗೆ ಏಪ್ರನ್ ಅಂಚು ಅಡ್ಡ ಹಿಡಿದುಕೊಂಡು ನಿಂತಿದ್ದಳು.

ಮರುದಿನ ಬೆಳಿಗ್ಗೆ, ಎಲ್ಲರೂ ಅಂಗಳದಲ್ಲಿರುವ ಹೊತ್ತಿಗೆ, ಬೀದಿಯ ನಡುವೆ ನಡೆದು ಅವಳ ಮುಂಬಾಗಿಲು ತಟ್ಟಿದೆ. "ಕಾಫಿ ಕೊಡು ಅತ್ತೆ," ಎಂದೆ. ಕೈ ಚಾಚಿ ಅವಳ ಕೈಯಿಂದಲೇ ಲೋಟ ತೆಗೆದುಕೊಂಡೆ.

ಅವಳು ನನ್ನ ಎದುರಿಗೆ ಕೂತಳು. "ಹದಿನೆಂಟು ವರ್ಷ ಬೇಕಾಯ್ತೇನೇ ಹುಡುಗಿ, ಕಾಫಿ ಆರೋಕೆ?"

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಸಕ್ಕರೆ ಡಬ್ಬಿ ಮುಂದೆ ತಳ್ಳಿದಳು.

ಅಲ್ಲಿಂದ ನೇರ ಲೋವೆನ್ನರ ಮನೆಗೆ ಹೋದೆ. ಬಹಿಷ್ಕಾರ ತೆಗೆಯಿರಿ ಎಂದು ಕೇಳಿದೆ.

"ಅವಳು ಕ್ಷಮೆ ಕೇಳಲಿ, ಆವತ್ತೇ ತೆಗೀತೀವಿ," ಎಂದರು.

"ಯಾವುದಕ್ಕೆ? ನಿಮ್ಮ ಮನೆ ಮುಂದೆ ಎರಡು ನಿಂತಿವೆಯಲ್ಲ."

"ಇವತ್ತು ಅದು ತಪ್ಪಲ್ಲ ಆಗಾಥಾ. ಅವತ್ತು ತಪ್ಪಾಗಿತ್ತು. ಅವತ್ತಿನ ತಪ್ಪಿಗೆ ಕ್ಷಮೆ ಕೇಳಲೇಬೇಕು. ಇಲ್ಲದಿದ್ದರೆ ಸಭೆಯ ಮಾತಿಗೆ ಬೆಲೆ ಎಲ್ಲಿ?"

"ಹಾಗಾದ್ರೆ ನೀವೆಲ್ಲ ಒಟ್ಟಿಗೆ ಮಾಡಿದ್ರೆ ತಪ್ಪಲ್ಲ. ಅವಳು ಮೊದಲು ಮಾಡಿದ್ದೇ ತಪ್ಪಾಯ್ತಾ?"

"ನಿನ್ನ ಗಂಡನನ್ನ ಕಳಿಸು, ಅವನ ಜೊತೆ ಮಾತಾಡ್ತೀನಿ," ಎಂದು ಎದ್ದು ಒಳಗೆ ಹೋದರು.

ಹದಿನಾಲ್ಕು ವರ್ಷ ನಾನು ಅವಳ ಮನೆಗೆ ಹೋಗುತ್ತಾ ಬಂದೆ. ಎರಡು ಸಲ ಎಚ್ಚರಿಕೆ ಕೊಟ್ಟರು. ಆಮೇಲೆ ಕಂಡೂ ಕಾಣದ ಹಾಗೆ ಇದ್ದರು. ಕೊನೆಯ ಚಳಿಗಾಲದಲ್ಲಿ ಅವಳ ಕಾಲು ಬಾತು, ಎದೆಯಲ್ಲಿ ನೀರು ತುಂಬಿ, ಮಲಗಲಾಗದೆ ದಿಂಬಿಗೊರಗಿ ಕೂತಿರುತ್ತಿದ್ದಳು. ಸೂಸಾನ್ನಾ ಸಾರು ತರುತ್ತಿದ್ದಳು. ಏಪ್ರಿಲಿನ ಒಂದು ಬೆಳಿಗ್ಗೆ ನನ್ನ ಮಣಿಕಟ್ಟು ಹಿಡಿದು ಹೇಳಿದಳು: "ನಾನು ಹೋದ್ಮೇಲೆ ನನ್ನ ಪರವಾಗಿ ನೀನು ಕ್ಷಮೆಗಿಮೆ ಕೇಳೋಕೆ ಹೋಗ್ಬೇಡ. ಕೇಳಿದ್ರೆ ಎದ್ದು ಬರ್ತೀನಿ ನೋಡು." ಮರುದಿನ ಮಧ್ಯಾಹ್ನ ತೀರಿಕೊಂಡಳು.

ಸೂಸಾನ್ನಾ, ನಾನು ಅವಳನ್ನು ತೊಳೆದೆವು. ಲೋವೆನ್ನರು ಹೊಸ್ತಿಲಲ್ಲೇ ನಿಂತು, "ಬೇಲಿಯೊಳಗೆ ಆಗಲ್ಲ. ಪ್ರಸಂಗವೂ ಇಲ್ಲ, ಹಾಡೂ ಇಲ್ಲ. ಹೊರಗೆ ತಂತಿಯ ಪಕ್ಕ ಹೂಳಿ, ಅದಕ್ಕೆ ನಮ್ಮ ಅಡ್ಡಿಯಿಲ್ಲ," ಎಂದರು. ಅಡ್ಡಿಯಿಲ್ಲವಂತೆ!

ನಮ್ಮಲ್ಲಿ ಸಾವಿಗೆ ಕರೆಯುವುದು ಕಾಗದದಲ್ಲಿ. ಮೇಲೆ ಸತ್ತವರ ಹೆಸರು, ಕೆಳಗೆ ಕರೆಯಬೇಕಾದವರ ಹೆಸರುಗಳ ಸಾಲು. ಒಂದು ಮನೆಯವರು ಓದಿ ಮುಂದಿನ ಮನೆಗೆ ಮುಟ್ಟಿಸಬೇಕು. ಬಹಿಷ್ಕಾರದವರಿಗೆ ಅಂಥ ಕಾಗದ ಇಲ್ಲ. ನಾನು ಬರೆದೆ. ಅವಳು ಹೆರಿಗೆ ಮಾಡಿಸಿದವರು, ಹೆತ್ತವರು, ಹುಟ್ಟಿದವರು, ಎಲುಬು ಕೂಡಿಸಿಕೊಂಡವರು, ನೆನಪಾದವರೆಲ್ಲರ ಹೆಸರು. ನಾಲ್ಕು ಹಾಳೆಯಾಯಿತು. ಬೀದಿಯ ಮೊದಲ ಮನೆಗೆ ಕೊಟ್ಟು ಬಂದೆ. ಅದು ಲೋವೆನ್ನರ ಮನೆಯಲ್ಲಿ ಒಲೆ ಸೇರುತ್ತದೆ ಎಂದುಕೊಂಡಿದ್ದೆ. ಸೇರಲಿಲ್ಲ. ಅವರ ಹೆಂಡತಿ ಕಥಾರೀನಾ ಅದನ್ನು ಏಪ್ರನ್ ಕೆಳಗೆ ಬಚ್ಚಿಟ್ಟುಕೊಂಡು ತಾನೇ ಮುಂದಿನ ಮನೆಗೆ ಒಯ್ದಳು. ಅವಳ ಏಳು ಮಕ್ಕಳ ಹೆಸರೂ ಅದರಲ್ಲಿದ್ದವು.

ಗುಂಡಿ ತೋಡಿದವನು ಇಸ್‌ಬ್ರಾಂಡ್. ನಾನು ಹೇಳಿರಲಿಲ್ಲ. ಅಳಿಯನನ್ನು ಕರೆದುಕೊಂಡು ಹೋಗಿ, ಸಂಜೆ ಮಣ್ಣುಮೆತ್ತಿಕೊಂಡು ಬಂದ. "ಪೆಟ್ಟಿಗೇನ ನನ್ನ ಪಿಕಪ್ಪಿನಲ್ಲೇ ಒಯ್ಯೋಣ. ನಾನೇ ಓಡಿಸ್ತೀನಿ," ಎಂದ. ಮೂವತ್ತೆರಡು ವರ್ಷ ತಡ. ಅದನ್ನು ಅವನಿಗೆ ಹೇಳಿದೆ ಕೂಡ. ಅವನು, "ಗೊತ್ತು ಕಣೇ," ಎಂದಷ್ಟೇ ಅಂದ.

ಇನ್ನೂರಕ್ಕೂ ಹೆಚ್ಚು ಜನ ಬಂದರು. ಬೆಟ್ಟದ ಬುಡದಿಂದ ಕರಿ ಶಾಲು ಹೊದ್ದ ಮೆಕ್ಸಿಕನ್ ಹೆಂಗಸರೂ ಬಂದರು. ದಾರಿಯುದ್ದಕ್ಕೂ ಸಾಲಾಗಿ ನಿಂತ ಪಿಕಪ್ಪುಗಳನ್ನು ನೋಡಿ ನನಗೆ ಮೈ ಉರಿದುಹೋಯಿತು. ಒಂದೊಂದಕ್ಕೂ ನಾಲ್ಕು ನಾಲ್ಕು ಟೈರು! ಅವುಗಳಲ್ಲಿ ಬಂದಿಳಿದವರು ಟೈರಿಗಾಗಿ ಹೊರಬಿದ್ದವಳನ್ನು ಬೇಲಿಯ ಹೊರಗೆ ಹೂಳುವುದನ್ನು ನೋಡಲು ನಿಂತಿದ್ದರು. ಲೋವೆನ್ನರು ಇಬ್ಬರು ಬೋಧಕರ ಜೊತೆ ಸ್ಮಶಾನದ ಗೇಟಿನ ಹತ್ತಿರ, ಒಳಗಿನ ಬದಿಯಲ್ಲಿ ನಿಂತಿದ್ದರು. ಅವರನ್ನು ಕರೆತಂದದ್ದು ಮೊಮ್ಮಗನ ಬಿಳಿ ಪಿಕಪ್.

ಪೆಟ್ಟಿಗೆ ಇಳಿಸಿದರು. ಹಾಡು ಎತ್ತಿಕೊಡುವವರಿಲ್ಲ, ಯಾರೂ ಹಾಡಲಿಲ್ಲ. ಆಗ ನಾನು ಮುಂದೆ ಬಂದು ಏಪ್ರನ್ ಜೇಬಿಂದ ಕಾಗದ ತೆಗೆದೆ. ನಮ್ಮಲ್ಲಿ ಹೆಂಗಸು ಗುಂಡಿಯ ಬದಿ ನಿಂತು ಬಾಯಿ ತೆರೆದದ್ದನ್ನು ನಾನು ಕಂಡಿಲ್ಲ, ಕೇಳಿಲ್ಲ. ಮಡಿಕೆ ಬಿಡಿಸಿದೆ. ಓದಿದೆ.

"ಯುಸ್ತೀನಾ ನಾಯ್‌ಡೋರ್ಫ್. ಎಂಬತ್ತನಾಲ್ಕು ವರ್ಷ, ಎರಡು ತಿಂಗಳು, ಎಂಟು ದಿನ ಬಾಳಿದಳು. ಆರುನೂರಕ್ಕೂ ಹೆಚ್ಚು ಮಕ್ಕಳನ್ನು ಬರಮಾಡಿಕೊಂಡಳು. ಅರವತ್ತನಾಲ್ಕರ ಜೂನಿನಲ್ಲಿ ನನ್ನನ್ನೂ ನನ್ನ ಮಗಳನ್ನೂ ಉಳಿಸಿದಳು. ಅದಕ್ಕಾಗಿ ನಾವು ಅವಳನ್ನು ಮೂವತ್ತೆರಡು ವರ್ಷ ಹೊರಗಿಟ್ಟೆವು. ಅವಳು ಕ್ಷಮೆ ಕೇಳಲಿಲ್ಲ, ಯಾಕೆಂದರೆ ಕೇಳಬೇಕಾದವರು ನಾವು. ನಾನು ಕೇಳುತ್ತಿದ್ದೇನೆ."

ಯಾರೋ ಕೆಮ್ಮಿದರು. ಎಲೀಹಿಯೋನ ವಿಧವೆ ಶಿಲುಬೆ ಗುರುತು ಹಾಕಿಕೊಂಡಳು. ಕಥಾರೀನಾ ಲೋವೆನ್ ಗಂಡನ ಪಕ್ಕದಿಂದ ಹೊರಟು, ಗೇಟು ದಾಟಿ ಬಂದು, ಬಗ್ಗಿ ಒಂದು ಹಿಡಿ ಮಣ್ಣು ಹಾಕಿದಳು. ಆಮೇಲೆ ಒಬ್ಬೊಬ್ಬರೇ ಬಂದರು. ಎಲ್ಲರೂ ಬರಲಿಲ್ಲ. ಬಾರದವರ ಹೆಸರೂ ನನಗೆ ಗೊತ್ತು, ಬರೆಯುವುದಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಒಣದ್ರಾಕ್ಷಿ ಬನ್ನು, ಸಕ್ಕರೆ ಗಟ್ಟಿ, ಕಾಫಿ ಇಟ್ಟಿದ್ದೆವು. ಸೂಸಾನ್ನಾ ಬೇಯಿಸಿದ ಬನ್ನುಗಳಲ್ಲಿ ಒಂದೂ ಉಳಿಯಲಿಲ್ಲ.

ಮುಂದಿನ ಗುರುವಾರ ನನ್ನ ವಿಚಾರ ಸಭೆಗೆ ಬಂತು. ಹೊರಹಾಕುತ್ತಾರೆ ಎಂದು ಸಿದ್ಧಳಾಗಿದ್ದೆ. ಬೇರೆ ಮೇಜಿಗೆ ಜಾಗ ಕೂಡ ನೋಡಿಟ್ಟಿದ್ದೆ. ಇಸ್‌ಬ್ರಾಂಡ್ ಬೇಗ ಮನೆಗೆ ಬಂದ.

"ಏನಂತೆ?"

"ಹೊರಹಾಕಲ್ಲವಂತೆ. ನಿನಗೆ ನರದ ಕಾಯಿಲೆ ಅಂತ ತೀರ್ಮಾನ ಮಾಡಿದರು. ದುಃಖಕ್ಕೆ ತಲೆ ಕೆಟ್ಟು ಮಾತಾಡಿದಳು, ಮನಸ್ಸಿಗೆ ಹಚ್ಚಿಕೊಳ್ಳೋದು ಬೇಡ ಅಂದರು."

"ನೀವೇನಂದ್ರಿ?"

"ಅವಳ ತಲೆ ನನ್ನ ತಲೆಗಿಂತ ನೆಟ್ಟಗಿದೆ ಅಂದೆ. ಎದ್ದು ಬಂದೆ."

ನನ್ನನ್ನು ಹೊರಹಾಕಿದ್ದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಹೇಳಹೊರಟರೆ ಟೈರಿನ ಮಾತು ಬರುತ್ತಿತ್ತು. ಟೈರಿನ ಮಾತೆತ್ತಿದರೆ ಸಭೆಯಲ್ಲಿ ಕೂತವರೆಲ್ಲ ಹೊರಗೆ ನಿಲ್ಲಿಸಿ ಬಂದ ಗಾಡಿಗಳ ಕಡೆ ನೋಡಬೇಕಾಗುತ್ತಿತ್ತು. ಅದಕ್ಕಿಂತ ಹೆಂಗಸಿಗೆ ನರದ ಕಾಯಿಲೆ ಎನ್ನುವುದು ಸಲೀಸು. ಯುಸ್ತೀನಾ ಅತ್ತೆಯನ್ನು ಕನಿಷ್ಠ ಪಾಪಿ ಎಂದಾದರೂ ಕರೆದಿದ್ದರು, ಅವಳು ಮಾಡಿದ್ದನ್ನು ಮಾಡಿದಳು ಎಂದು ಒಪ್ಪಿದ್ದರು. ನನಗೆ ಆ ಮರ್ಯಾದೆಯೂ ಇಲ್ಲ.

ಅವಳ ಸಮಾಧಿ ಇವತ್ತಿಗೂ ತಂತಿಯ ಹೊರಗೇ ಇದೆ. ಪಕ್ಕದ ಹುಲ್ಲುಗಾವಲಿನ ದನಗಳು ಬಂದು ತುಳಿಯುತ್ತವೆಂದು ಇಸ್‌ಬ್ರಾಂಡ್ ಸುತ್ತ ನಾಲ್ಕು ಕಂಬ ನೆಟ್ಟಿದ್ದಾನೆ. ಭಾನುವಾರ ಆರಾಧನೆ ಮುಗಿದು ಗಾಡಿಗಳು ಆ ದಾರಿಯಲ್ಲೇ ಸಾಲಾಗಿ ಬರುತ್ತವೆ. ಅಲ್ಲಿ ಬಂದಾಗ ಕೆಲವರು ನಿಧಾನ ಮಾಡುತ್ತಾರೆ, ಕೆಲವರು ಜೋರು ಮಾಡುತ್ತಾರೆ. ಲೋವೆನ್ನರು ಮೊನ್ನೆ ಎದುರಾಗಿ, "ನರ ಈಗ ಹೇಗಿದೆ ಆಗಾಥಾ?" ಎಂದು ಪ್ರೀತಿಯಿಂದಲೇ ಕೇಳಿದರು. ಸರಿಯಾಗಿಯೇ ಇದೆ ಎಂದೆ. ಅವಳ ಹೆಸರನ್ನು ಸಭೆಯ ಪುಸ್ತಕಕ್ಕೆ ಮತ್ತೆ ಯಾವಾಗ ಬರೆಯುತ್ತೀರಿ ಎಂದು ಕೇಳಿದೆ. ಅವರು ಗಾಡಿ ಹತ್ತಿ ಹೋದರು. ಮುಂದಿನ ಭಾನುವಾರವೂ ಕೇಳುತ್ತೇನೆ.